ಅಡುಗೆಮನೆ ಕಿಟಕಿಯಿಂದ: ಊಟಕ್ಕೆ ಹೆದರುವ ಹುಡುಗಿಯರು



ಕಳೆದ ಸಂಚಿಕೆಯಲ್ಲಿ ಮಾವಿನಕಾಯಿ ತೊಕ್ಕಿನ ಬಗ್ಗೆ ಬರೆದಿದ್ದೆ. ಎಷ್ಟೊಂದು ಜನ ಮಾಡಿ ನೋಡಿ ಪತ್ರ ಬರೆದಿದ್ದೀರಿ! ಒಬ್ಬಾಕೆ ಅಂತೂ, "ನಿಮ್ಮ ಅಳತೆಗೆ ಖಾರ ಜಾಸ್ತಿಯಾಗಿ ನಮ್ಮವರು ಎರಡು ಲೋಟ ಮಜ್ಜಿಗೆ ಕುಡಿದು ಏಳಬೇಕಾಯಿತು" ಎಂದು ಜಗಳವನ್ನೇ ಆಡಿದ್ದಾರೆ. ತಪ್ಪು ಒಪ್ಪಿಕೊಂಡೆ ತಾಯಿ, ಮುಂದಿನ ಸಲ ನಾಲ್ಕು ಮೆಣಸಿನಕಾಯಿ ಕಡಿಮೆ ಹಾಕಿ.

ಈ ಸಲ ಮಾತ್ರ ಅಡುಗೆ ಮಾಡುವ ಮಾತಲ್ಲ. ಮಾಡಿಟ್ಟ ಅಡುಗೆಯನ್ನು ತಿನ್ನಲಾರದ ಮಕ್ಕಳ ಮಾತು. ಬರೆಯಲೋ ಬೇಡವೋ ಎಂದು ಮೂರು ತಿಂಗಳಿನಿಂದ ಯೋಚಿಸುತ್ತಿದ್ದೆ. ಕೊನೆಗೆ ಆ ಹುಡುಗಿಯನ್ನೇ ಕೇಳಿದೆ. "ಬರೀರಿ ಅತ್ತೆ, ನನ್ನ ಹೆಸರು ಮಾತ್ರ ಹಾಕ್ಬೇಡಿ" ಅಂದಳು. ಅದಕ್ಕೇ ಇಲ್ಲಿ ಅವಳನ್ನು ಪುಟ್ಟಿ ಎಂದು ಕರೆಯುತ್ತೇನೆ.

ಪುಟ್ಟಿ ನನ್ನ ಅಣ್ಣನ ಮಗಳು. ಅಣ್ಣ ಇಪ್ಪತ್ತು ವರ್ಷದಿಂದ ಕೆನಡಾ ದೇಶದಲ್ಲಿದ್ದಾನೆ. ಕಳೆದ ದೀಪಾವಳಿ ಮುಗಿಸಿಕೊಂಡು ಎರಡು ತಿಂಗಳ ಮಟ್ಟಿಗೆ ನಾನು ಅಲ್ಲಿಗೆ ಹೋಗಿದ್ದೆ. ಪುಟ್ಟಿಗೆ ಹದಿನಾಲ್ಕು ವರ್ಷ. ಏಳನೆಯ ವಯಸ್ಸಿನಿಂದ ಫಿಗರ್ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ನಮ್ಮಲ್ಲಿ ಮಕ್ಕಳು ಕಾಲಿಗೆ ಚಕ್ರ ಕಟ್ಟಿಕೊಂಡು ಓಡುತ್ತಾರಲ್ಲ, ಆ ಸ್ಕೇಟಿಂಗ್ ಅಲ್ಲ ಇದು. ಬೂಟಿನ ಅಡಿಯಲ್ಲಿ ಉಕ್ಕಿನ ಅಲಗು ಇರುತ್ತದೆ. ಮಂಜುಗಡ್ಡೆ ಹಾಸಿದ ದೊಡ್ಡ ಅಂಗಳದ ಮೇಲೆ ಸಂಗೀತಕ್ಕೆ ಸರಿಯಾಗಿ ಜಾರುತ್ತಾ, ತಿರುಗುತ್ತಾ, ಗಾಳಿಯಲ್ಲಿ ಜಿಗಿದು ಗಿರಗಿರ ಸುತ್ತಿ ಒಂದೇ ಕಾಲಿನ ಮೇಲೆ ಇಳಿಯಬೇಕು. ನಮ್ಮ ಭರತನಾಟ್ಯವನ್ನು ಚಾಕುವಿನ ಅಂಚಿನ ಮೇಲೆ ನಿಂತು ಮಾಡಿದ ಹಾಗೆ ಅಂದುಕೊಳ್ಳಿ. ಬೆಳಗಿನ ಜಾವ ಐದೂವರೆಗೆ ನಾನು ಎರಡು ಸ್ವೆಟರು ಹಾಕಿ, ಮೇಲೊಂದು ಶಾಲು ಹೊದ್ದು ನಡುಗುತ್ತಾ ಕೂತಿದ್ದರೆ, ಈ ಮಗು ತೆಳುವಾದ ಉಡುಪಿನಲ್ಲಿ ಹಕ್ಕಿಯ ಹಾಗೆ ಹಾರಾಡುತ್ತಿತ್ತು. ನನಗೆ ಕಣ್ಣು ತುಂಬಿ ಬಂತು.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ವಿಮಾನ ನಿಲ್ದಾಣದಲ್ಲಿ ಪುಟ್ಟಿಯನ್ನು ನೋಡಿದ ಕೂಡಲೇ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇ? "ಅಯ್ಯೋ, ಎಷ್ಟು ತೆಳ್ಳಗೆ ಬಳ್ಳಿ ಹಾಗಾಗಿದ್ದೀಯೇ! ಎಷ್ಟು ಚೆನ್ನಾಗಿ ಕಾಣ್ತೀಯ! ನಮ್ಮನೇಲಿ ಇದಾಳೆ ನೋಡು ನನ್ನ ಮಗಳು, ದಿನಾ ದಪ್ಪ ಆಗ್ತಾ ಇದಾಳೆ." ಪುಟ್ಟಿ ನಕ್ಕಳು. ಅತ್ತಿಗೆ ಮಾತ್ರ ಮುಖ ಆ ಕಡೆ ತಿರುಗಿಸಿದರು. ಪ್ರಯಾಣದ ಆಯಾಸದಲ್ಲಿ ನಾನು ಅದನ್ನು ಗಮನಿಸಲಿಲ್ಲ.

ಎರಡು ದಿನ ಬಿಟ್ಟು ಹೋಳಿಗೆ ಮಾಡಿದೆ. ಚಿಕ್ಕವಳಿದ್ದಾಗ ಊರಿಗೆ ಬಂದರೆ ಹೂರಣವನ್ನೇ ಕದ್ದು ತಿನ್ನುತ್ತಿದ್ದ ಹುಡುಗಿ ಅದು. ಈಗ ಹೋಳಿಗೆಯನ್ನು ಚೂರು ಚೂರು ಮಾಡಿ, ತಟ್ಟೆಯ ಈ ಕಡೆಯಿಂದ ಆ ಕಡೆ ತಳ್ಳುತ್ತಾ ಅರ್ಧ ಗಂಟೆ ಕೂತಳು. ಆಮೇಲೆ ನೋಡಿದರೆ ಎಲ್ಲವೂ ಕೈ ಒರೆಸುವ ಕಾಗದದೊಳಗೆ ಸೇರಿತ್ತು. ನನಗೆ ರೇಗಿತು. "ಅನ್ನದ ಮುಂದೆ ಇಂಥಾ ಹಟ ಮಾಡಬಾರದಮ್ಮಾ, ಅನ್ನಪೂರ್ಣೆಗೆ ಅವಮಾನ" ಅಂದುಬಿಟ್ಟೆ. ಅವಳು ಏನೂ ಹೇಳದೆ ಎದ್ದು ಹೋಗಿ ಸ್ನಾನದ ಮನೆಯ ಬಾಗಿಲು ಹಾಕಿಕೊಂಡಳು.

ಅವತ್ತು ರಾತ್ರಿ ಪಾತ್ರೆ ತೊಳೆಯುತ್ತಾ ಅತ್ತಿಗೆ ಎಲ್ಲಾ ಹೇಳಿ ಅತ್ತರು. ಹಿಂದಿನ ವರ್ಷ ಪುಟ್ಟಿ ಎತ್ತರವಾದಳು, ಮೈ ತುಂಬಿಕೊಂಡಳು, ಎಲ್ಲ ಹೆಣ್ಣುಮಕ್ಕಳ ಹಾಗೆ. ಬರುತ್ತಿದ್ದ ಜಿಗಿತಗಳು ತಪ್ಪತೊಡಗಿದವು. ಕಲಿಸುವವರೊಬ್ಬರು, ಹೆಸರು ಬೇಡ, "ಈಚೆಗೆ ಸ್ವಲ್ಪ ಭಾರವಾಗಿದ್ದೀಯ" ಅಂದರಂತೆ. ಅಷ್ಟೇ ಮಾತು. ಅವತ್ತಿನಿಂದ ಮೊದಲು ಸಿಹಿ ನಿಂತಿತು, ಆಮೇಲೆ ಎಣ್ಣೆ, ಆಮೇಲೆ ಅನ್ನ. ಒಳಗಾಗುವುದು ನಿಂತು ಐದು ತಿಂಗಳಾಗಿತ್ತು. ಡಾಕ್ಟರು ಪರೀಕ್ಷೆ ಮಾಡಿ, ಇದು ಹಟವಲ್ಲ, ಅನೊರೆಕ್ಸಿಯಾ ಎನ್ನುವ ಕಾಯಿಲೆ ಎಂದಿದ್ದರು. ನಾನು ಬರುವುದಕ್ಕೆ ಮೂರು ವಾರ ಮೊದಲು ಚಿಕಿತ್ಸೆ ಶುರುವಾಗಿತ್ತು. ಅಂಥಾ ಹೊತ್ತಿನಲ್ಲಿ ನಾನು ಹೋಗಿ, ತೆಳ್ಳಗಿದ್ದೀಯ, ಚೆನ್ನಾಗಿದ್ದೀಯ ಅಂದಿದ್ದೆ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನಾನು ಎಸ್ಸೆಸ್ಸೆಲ್ಸಿ ಓದಿದವಳು. ಇದೆಲ್ಲ ನನಗೆ ಹೊಸದು. ಅತ್ತಿಗೆ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಓದಿ ಹೇಳಿದರು, ನಾನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಅದರಿಂದ ನಿಮಗೂ ಒಂದಿಷ್ಟು ಹೇಳುತ್ತೇನೆ.

ಈ ಆಟದಲ್ಲೇ ಯಾಕೆ ಇದು ಇಷ್ಟು ಎಂದು ನಾನು ಕೇಳಿದೆ. ಕಾರಣ ಹೀಗಂತೆ. ದೊಡ್ಡ ಸ್ಪರ್ಧೆಗಳಲ್ಲಿ ಗಾಳಿಯಲ್ಲಿ ಮೂರು ಸುತ್ತು, ಕೆಲವರು ನಾಲ್ಕು ಸುತ್ತು ಸುತ್ತಬೇಕು. ಗಾಳಿಯಲ್ಲಿರುವ ಸಮಯ ಒಂದು ಸೆಕೆಂಡೂ ಪೂರ್ತಿ ಇಲ್ಲ. ಕೈಗಳನ್ನು ಎದೆಗೆ ಬಿಗಿದುಕೊಂಡು ಮೈ ಸಣ್ಣಗೆ ಮಾಡಿಕೊಂಡಷ್ಟೂ ಬೇಗ ಸುತ್ತಬಹುದು. ಆದ್ದರಿಂದ ಇನ್ನೂ ಬೆಳೆಯದ ಹುಡುಗಿಯ ಮೈಗೆ ಸುಲಭವಾಗಿದ್ದದ್ದು, ಬೆಳೆದ ಹೆಣ್ಣಿನ ಮೈಗೆ ಕಷ್ಟವಾಗುತ್ತದೆ. ಜೊತೆಗೆ ಇದು ಗಡಿಯಾರ ಹಿಡಿದು ಅಳೆಯುವ ಓಟದ ಪಂದ್ಯವಲ್ಲ. ತೀರ್ಪುಗಾರರು ಕೂತು ನೋಡಿ ಅಂಕ ಕೊಡುತ್ತಾರೆ. ಮೈಗಂಟಿದ ಉಡುಪು, ಸುತ್ತಲೂ ಸಾವಿರಾರು ಕಣ್ಣು. ಹೀಗೆ ಪ್ರಕೃತಿಯೇ ಕೊಟ್ಟ ಬೆಳವಣಿಗೆ ಆ ಮಕ್ಕಳಿಗೆ ಶತ್ರುವಾಗಿ ಕಾಣುತ್ತದೆ. ನಮ್ಮಲ್ಲಿ ಹುಡುಗಿ ದೊಡ್ಡವಳಾದರೆ ಆರತಿ ಎತ್ತುತ್ತೇವೆ. ಅಲ್ಲಿ ಆ ಮಗು ಕನ್ನಡಿಯ ಮುಂದೆ ನಿಂತು ಅಳುತ್ತದೆ.

೨೦೧೪ರ ಫೆಬ್ರುವರಿ ೯ನೆಯ ತಾರೀಕು ರಷ್ಯಾದ ಸೋಚಿ ನಗರದಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುತ್ತಿತ್ತು. ತಂಡಗಳ ಸ್ಪರ್ಧೆಯ ಕೊನೆಯ ದಿನ. ಒಂದೇ ಮಂಜಿನ ಮೇಲೆ, ಒಂದೇ ರಾತ್ರಿ, ಬೇರೆ ಬೇರೆ ದೇಶದ ಮೂವರು ಹೆಣ್ಣುಮಕ್ಕಳು ಆಡಿದರು. ಆ ಮೂವರ ಕಥೆ ಕೇಳಿ.

ಮೊದಲನೆಯವಳು ರಷ್ಯಾದ ಯೂಲಿಯಾ ಲಿಪ್ನಿತ್ಸ್ಕಾಯಾ. ಆಗ ಅವಳಿಗೆ ಬರೀ ೧೫ ವರ್ಷ. ಕೆಂಪು ಉಡುಪು ತೊಟ್ಟು 'ಶಿಂಡ್ಲರ್ಸ್ ಲಿಸ್ಟ್' ಚಿತ್ರದ ಸಂಗೀತಕ್ಕೆ ಅವಳು ಆಡಿದ್ದನ್ನು ನೋಡಿ ಲೋಕವೇ ಮರುಳಾಯಿತು. ರಷ್ಯಾ ತಂಡಕ್ಕೆ ಚಿನ್ನ ಬಂತು. ಆ ವಯಸ್ಸಿಗೆ ಇನ್ನೇನು ಬೇಕು ಅಲ್ಲವೇ? ಆದರೆ ಮೂರೇ ವರ್ಷದಲ್ಲಿ, ೨೦೧೭ರಲ್ಲಿ, ೧೯ನೆಯ ವಯಸ್ಸಿಗೆ ಅವಳು ಆಟವನ್ನೇ ಬಿಟ್ಟಳು. ಅನೊರೆಕ್ಸಿಯಾಕ್ಕೆ ಚಿಕಿತ್ಸೆ ಪಡೆಯುತ್ತಿದ್ದಳು ಎಂಬ ಸುದ್ದಿ ಆಗ ಹೊರಬಂತು. ಮುಂಚೆಯೇ ಚಿಕಿತ್ಸೆಗೆ ಹೋಗದಿದ್ದುದೊಂದೇ ತನಗೆ ಬೇಸರ ಎಂದು ಅವಳು ಹೇಳಿಕೊಂಡಳು. ಎಷ್ಟು ದೊಡ್ಡ ಮಾತು ನೋಡಿ!

ಎರಡನೆಯವಳು ಅಮೆರಿಕದ ಗ್ರೇಸಿ ಗೋಲ್ಡ್. ಆ ಸಲ ಅವಳ ತಂಡಕ್ಕೆ ಕಂಚು ಬಂತು. ಎರಡು ಸಲ, ೨೦೧೪ರಲ್ಲಿ ಮತ್ತು ೨೦೧೬ರಲ್ಲಿ, ಅವಳು ತನ್ನ ದೇಶದ ಚಾಂಪಿಯನ್. ಹೊರಗಿನಿಂದ ನೋಡಿದರೆ ಹೆಸರಿನಲ್ಲೂ ಬಂಗಾರ, ಬಾಳೂ ಬಂಗಾರ. ೨೦೧೬ರ ಒಂದು ಸ್ಪರ್ಧೆಯಲ್ಲಿ ಸರಿಯಾಗಿ ಆಡಲಾಗದೆ, ತನ್ನ ತೂಕ ಹೆಚ್ಚಾಗಿದೆ ಎಂದು ಪತ್ರಿಕೆಯವರ ಮುಂದೆಯೇ ತನ್ನನ್ನು ತಾನು ಹಳಿದುಕೊಂಡಳು. ಅದು ಸಹಾಯ ಬೇಡುವ ದನಿ ಎಂದು ಆಗ ಎಷ್ಟು ಜನರಿಗೆ ಹೊಳೆಯಿತೋ! ಮುಂದಿನ ವರ್ಷ ಖಿನ್ನತೆ, ಆತಂಕ ಮತ್ತು ಊಟದ ಕಾಯಿಲೆಗೆ ಚಿಕಿತ್ಸೆ ಪಡೆಯಲು ಆಟದಿಂದ ದೂರ ಉಳಿದಳು. ೨೦೧೮ರ ಒಲಿಂಪಿಕ್ಸ್ ಕೈತಪ್ಪಿತು. ೨೦೨೦ರಲ್ಲಿ ದೇಶದ ಸ್ಪರ್ಧೆಗೆ ಮರಳಿ ಬಂದು ೧೨ನೆಯ ಸ್ಥಾನ ಪಡೆದಾಗ, ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ೨೦೨೪ರಲ್ಲಿ ತನ್ನ ಕಥೆಯನ್ನು ಮುಚ್ಚುಮರೆಯಿಲ್ಲದೆ ಪುಸ್ತಕವಾಗಿ ಬರೆದಿದ್ದಾಳೆ.

ಮೂರನೆಯವಳ ಕಥೆಯನ್ನು ಆಮೇಲೆ ಹೇಳುತ್ತೇನೆ. ಅದು ಅಮ್ಮಂದಿರ ಕಥೆ ಕೂಡ. ಅದಕ್ಕೆ ಮೊದಲು, ಇದು ಹುಡುಗಿಯರಿಗೆ ಮಾತ್ರ ಬರುವ ಕಾಯಿಲೆ ಎಂದುಕೊಳ್ಳಬೇಡಿ. ಆಡಂ ರಿಪ್ಪನ್ ಎಂಬ ಅಮೆರಿಕದ ಆಟಗಾರ, ತೆಳ್ಳಗಿರಲೇಬೇಕೆಂದು ಒಂದು ಕಾಲದಲ್ಲಿ ತಾನು ದಿನವಿಡೀ ಬ್ರೆಡ್ಡಿನ ಕೆಲವೇ ಚೂರು ತಿಂದು ಬದುಕುತ್ತಿದ್ದೆ ಎಂದು ೨೦೧೮ರಲ್ಲಿ ಬಾಯಿಬಿಟ್ಟು ಹೇಳಿದ. ಗಂಡುಮಕ್ಕಳು ಇದನ್ನು ಇನ್ನೂ ಹೆಚ್ಚು ಮುಚ್ಚಿಡುತ್ತಾರೆ, ಪಾಪ.

ಈ ಕಾಯಿಲೆಗಳು ಒಂದೇ ಬಗೆಯವಲ್ಲ. ಅನೊರೆಕ್ಸಿಯಾದಲ್ಲಿ ಎಲುಬು ಕಾಣುವಂತಾಗಿದ್ದರೂ ಕನ್ನಡಿಯಲ್ಲಿ ತಾನು ದಪ್ಪ ಎಂದೇ ಕಾಣುತ್ತದೆ. ಬುಲಿಮಿಯಾ ಎನ್ನುವುದರಲ್ಲಿ ಒಮ್ಮೆಗೇ ಬಹಳ ತಿಂದು, ಆಮೇಲೆ ನಾಚಿಕೆಯಿಂದ ಕಕ್ಕಿಬಿಡುತ್ತಾರೆ. ಇಂಥವರು ನೋಡಲು ತೆಳ್ಳಗೇ ಇರಬೇಕೆಂದಿಲ್ಲ, ಅದಕ್ಕೇ ಮನೆಯವರಿಗೆ ಗೊತ್ತಾಗುವುದಿಲ್ಲ. ಸಾಲದು ಅನ್ನುವಷ್ಟು ತಿಂದು, ಬೇಕಾದ್ದಕ್ಕಿಂತ ಹೆಚ್ಚು ಬೆವರು ಸುರಿಸಿದರೆ ಮೈ ಏನು ಮಾಡುತ್ತದೆ? ದುಡ್ಡು ಸಾಲದ ಮನೆಯಲ್ಲಿ ನಾವು ಒಂದೊಂದೇ ಖರ್ಚು ನಿಲ್ಲಿಸುತ್ತೇವಲ್ಲ, ಹಾಗೇ. ಮೊದಲು ಮುಟ್ಟು ನಿಲ್ಲುತ್ತದೆ. ಮೂಳೆ ಸವೆಯುತ್ತದೆ, ಸುಮ್ಮಸುಮ್ಮನೆ ಬಿರುಕು ಬಿಡುತ್ತದೆ. ಯಾವಾಗಲೂ ಚಳಿ, ತಲೆಸುತ್ತು, ಕೂದಲು ಉದುರುವುದು, ಮಲಬದ್ಧತೆ. ಪದೇ ಪದೇ ವಾಂತಿ ಮಾಡಿಕೊಂಡರೆ ಹಲ್ಲಿನ ಹೊಳಪು ಹೋಗುತ್ತದೆ. ರಕ್ತದಲ್ಲಿನ ಲವಣಾಂಶ ಏರುಪೇರಾಗಿ ಹೃದಯಕ್ಕೇ ಅಪಾಯ ಬರಬಹುದು. ಆಟಗಾರರಲ್ಲಿ ಕಾಣುವ ಈ ಶಕ್ತಿಯ ಕೊರತೆಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು ೨೦೧೪ರಲ್ಲಿ 'ರೆಡ್-ಎಸ್' ಎಂದು ಹೆಸರಿಟ್ಟರು. ಮನಸ್ಸಿನ ಕಾಯಿಲೆಗಳಲ್ಲೇ ಹೆಚ್ಚು ಜೀವ ತೆಗೆಯುವವುಗಳಲ್ಲಿ ಅನೊರೆಕ್ಸಿಯಾ ಒಂದು. ಇನ್ನು ಇದನ್ನು 'ವಯಸ್ಸಿನ ಕೊಬ್ಬು' ಎಂದು ಹೇಗೆ ಹೇಳುವುದು ಹೇಳಿ?

ಈಗ ಆ ಮೂರನೆಯವಳು. ಜಪಾನಿನ ಅಕಿಕೊ ಸುಜುಕಿ. ಅವಳ ಅಪ್ಪ ಅಮ್ಮ ತೊಯೊಹಾಶಿ ಎಂಬ ಊರಿನಲ್ಲಿ ಊಟದ ಅಂಗಡಿ ನಡೆಸುತ್ತಿದ್ದವರು. ಅಂದರೆ ಬೇರೆಯವರಿಗೆ ಬಡಿಸುವುದೇ ಆ ಮನೆಯ ಕಸುಬು. ೨೦೦೩ರಲ್ಲಿ, ೧೮ನೆಯ ವಯಸ್ಸಿಗೆ, ಅವಳು ಕಾಲೇಜು ಓದಲು ದೂರದ ಸೆಂದಾಯ್ ನಗರಕ್ಕೆ ಹೋಗಿ ಒಬ್ಬಳೇ ಇರತೊಡಗಿದಳು. ಇನ್ನಷ್ಟು ಹಗುರಾದರೆ ಇನ್ನಷ್ಟು ಚೆನ್ನಾಗಿ ಜಿಗಿಯಬಹುದು ಎಂಬ ಯೋಚನೆ ತಲೆ ಹೊಕ್ಕಿತು. ಕೆಲವೇ ತಿಂಗಳಲ್ಲಿ ಮೈತೂಕದ ಮೂರನೆಯ ಒಂದು ಪಾಲು ಕರಗಿಹೋಯಿತು. ಒಂದು ಇಡೀ ಋತು ಅವಳು ಸ್ಪರ್ಧೆಗೆ ಇಳಿಯಲಾಗಲಿಲ್ಲ. ಆಟವಿರಲಿ, ಬದುಕುತ್ತಾಳೋ ಇಲ್ಲವೋ ಎಂಬ ಸ್ಥಿತಿ.

ಮಗಳು ಮನೆಗೆ ಬಂದಾಗ ಆ ತಾಯಿ ಮೊದಮೊದಲು ನಮ್ಮ ನಿಮ್ಮ ಹಾಗೇ ತಿನ್ನು ತಿನ್ನು ಎಂದು ಒತ್ತಾಯ ಮಾಡಿದರಂತೆ. ಅದರಿಂದ ಏನೂ ಆಗಲಿಲ್ಲ. ಆಮೇಲೆ ಒಂದು ದಿನ, ನಿನಗೆ ಯಾವುದು ತಿನ್ನಲು ಆಗುತ್ತದೋ ಅದನ್ನೇ ತಿನ್ನು, ಅಲ್ಲಿಂದಲೇ ಶುರು ಮಾಡೋಣ ಎಂದರಂತೆ. ತಾನು ಈಗ ಇರುವ ಹಾಗೇ ಅಮ್ಮ ತನ್ನನ್ನು ಒಪ್ಪಿಕೊಂಡಳು ಅನ್ನಿಸಿದ ಆ ಕ್ಷಣದಿಂದ ತಾನು ಚೇತರಿಸಿಕೊಳ್ಳತೊಡಗಿದೆ ಎಂದು ಅಕಿಕೊ ಹೇಳಿಕೊಂಡಿದ್ದಾಳೆ. ಒಂದೇ ದಿನಕ್ಕೆ ಏನೂ ಸರಿಹೋಗಲಿಲ್ಲ, ವರ್ಷಗಳೇ ಹಿಡಿದವು. ೨೦೧೦ರ ಒಲಿಂಪಿಕ್ಸಿನಲ್ಲಿ ಎಂಟನೆಯ ಸ್ಥಾನ. ೨೦೧೨ರಲ್ಲಿ, ೨೭ನೆಯ ವಯಸ್ಸಿಗೆ, ವಿಶ್ವ ಸ್ಪರ್ಧೆಯಲ್ಲಿ ಕಂಚು. ೨೦೧೩ರ ಡಿಸೆಂಬರಿನಲ್ಲಿ, ೨೮ನೆಯ ವಯಸ್ಸಿಗೆ, ಮೊಟ್ಟಮೊದಲ ಸಲ ಜಪಾನಿನ ಚಾಂಪಿಯನ್! ೧೫ ವರ್ಷದ ಯೂಲಿಯಾ ಆಡಿದ ರಾತ್ರಿ ಅದೇ ಮಂಜಿನ ಮೇಲೆ ೨೮ ವರ್ಷದ ಅಕಿಕೊ ಕೂಡ ಆಡಿದಳು. ತುಂಬಿದ ಮೈಯ ಹೆಣ್ಣು ಆಡಲಾರಳು ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೇ?

ಆಟ ನಡೆಸುವವರೂ ತಡವಾಗಿಯಾದರೂ ಕಣ್ಣು ತೆರೆದಿದ್ದಾರೆ. ಹಿರಿಯರ ಸ್ಪರ್ಧೆಗೆ ಸೇರಲು ೧೫ ವರ್ಷ ಆಗಿದ್ದರೆ ಸಾಕು ಎಂದಿದ್ದ ನಿಯಮವನ್ನು ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ೨೦೨೨ರ ಜೂನ್‌ನಲ್ಲಿ ಬದಲಾಯಿಸಿತು. ೨೦೨೪-೨೫ರ ಋತುವಿನಿಂದ ೧೭ ವರ್ಷ ಆಗಿರಲೇಬೇಕು. ಚಿಕ್ಕ ಮಕ್ಕಳ ಮೈಮನಸ್ಸು ಕಾಪಾಡಬೇಕು ಎಂಬುದೇ ಉದ್ದೇಶ. ಆದರೆ ನಿಯಮ ಅಂಗಳದವರೆಗೆ ಬರುತ್ತದೆ, ಊಟದ ಮೇಜಿನವರೆಗೆ ಬರುವುದಿಲ್ಲ. ಅಲ್ಲಿ ಇರುವವರು ನಾವೇ.

ನಮ್ಮೂರಿನಲ್ಲಿ ಮಂಜಿನ ಅಂಗಳ ಇಲ್ಲದಿರಬಹುದು. ಆದರೆ ತೆಳ್ಳಗಿದ್ದರೆ ಹೊಗಳುವ, ದಪ್ಪಗಿದ್ದರೆ ಹೀಯಾಳಿಸುವ ನಾಲಿಗೆ ನಮ್ಮಲ್ಲೂ ಇದೆಯಲ್ಲ! ಪುಟ್ಟಿಯ ಡಾಕ್ಟರು ಅತ್ತಿಗೆಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಮಗು ಊಟದ ಹೊತ್ತಿಗೆ ನೆಪ ಹೇಳತೊಡಗಿದರೆ, ಊಟವಾದ ಕೂಡಲೇ ಸ್ನಾನದ ಮನೆಗೆ ಹೋಗುತ್ತಿದ್ದರೆ, ಸೆಕೆಯಲ್ಲೂ ದೊಗಳೆ ಬಟ್ಟೆ ಹಾಕಿ ಮೈ ಮುಚ್ಚಿಕೊಂಡರೆ, ಮುಟ್ಟು ನಿಂತರೆ, ದಿನಕ್ಕೆ ನಾಲ್ಕು ಸಲ ತೂಕ ನೋಡಿಕೊಂಡರೆ ಎಚ್ಚರವಾಗಿರಿ. ಬೈಯಬೇಡಿ, ಹೆದರಿಸಬೇಡಿ, ದೇವರ ಆಣೆ ಹಾಕಿಸಬೇಡಿ. ಊಟದ ಹೊತ್ತಲ್ಲದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು, "ನಿನಗೆ ಏನೋ ಸಂಕಟ ಇದೆ ಅನ್ಸುತ್ತೆ, ನಾನಿದೀನಿ" ಅನ್ನಿ.

ತಡಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಹಳ ದಿನ ಉಪವಾಸ ಬಿದ್ದ ಮೈಗೆ ನಾವೇ ಪ್ರೀತಿಯಿಂದ ಒಮ್ಮೆಗೇ ತುಪ್ಪ, ಸಿಹಿ ತುರುಕಿದರೆ ಅದೂ ಅಪಾಯ. ಎಷ್ಟು, ಯಾವಾಗ ಕೊಡಬೇಕು ಎಂದು ಅವರೇ ಹೇಳಬೇಕು. ಹದಿಹರೆಯದ ಮಕ್ಕಳಿಗೆ ತಂದೆತಾಯಿಯನ್ನೇ ಜೊತೆಗಿಟ್ಟುಕೊಂಡು ಮಾಡುವ ಒಂದು ಚಿಕಿತ್ಸೆ ಇದೆ. ಲಂಡನ್ನಿನ ಮಾಡ್ಸ್‌ಲೀ ಆಸ್ಪತ್ರೆಯಲ್ಲಿ ಬೆಳೆದು ಬಂದದ್ದು. ಅದರಲ್ಲಿ ಮಗುವಿಗೆ ಏನು ಬಡಿಸಬೇಕೆಂಬ ಹೊಣೆಯನ್ನು ಸ್ವಲ್ಪ ಕಾಲ ಹೆತ್ತವರೇ ಹೊರುತ್ತಾರೆ. ಶಾಂತವಾಗಿ, ಆದರೆ ಬಿಡದೆ. ಮಗು ಚೇತರಿಸಿಕೊಂಡ ಹಾಗೆಲ್ಲ ಆ ಹೊಣೆಯನ್ನು ಅದಕ್ಕೇ ಮರಳಿ ಕೊಡುತ್ತಾರೆ. ಪುಟ್ಟಿಗೆ ನಡೆಯುತ್ತಿರುವುದೂ ಇದೇ.

ನಮ್ಮಲ್ಲಿ ಯಾರನ್ನು ಕೇಳುವುದು ಎಂದು ತೋಚದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ೧೪೪೧೬ ಎಂಬ ನಂಬರಿಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅಂತೂ ಇದ್ದೇ ಇದೆ. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಮದುವೆಗೆ ತೊಂದರೆ ಆಗುತ್ತದೆ ಎಂದು ಹಿಂಜರಿಯಬೇಡಿ. ಮದುವೆ ಆಗುವುದಕ್ಕೆ ಮೊದಲು ಮಗು ಉಳಿಯಬೇಕಲ್ಲ.

ಪುಟ್ಟಿ ಈಗ ಹೇಗಿದ್ದಾಳೆ ಅಂತೀರಾ? ಪೂರ್ತಿ ಗುಣವಾಗಿಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಡಾಕ್ಟರು ಒಪ್ಪುವವರೆಗೆ ಜಿಗಿತ ಇಲ್ಲ. ವಾರಕ್ಕೊಂದು ದಿನ ಮಂಜಿನ ಮೇಲೆ ಸುಮ್ಮನೆ ಜಾರಿ ಬರುತ್ತಾಳೆ. ಮತ್ತೆ ಸ್ಪರ್ಧೆಗೆ ಹೋಗುತ್ತಾಳೋ ಇಲ್ಲವೋ, ಅದನ್ನು ಈಗ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ನಾನು ಊರಿಗೆ ಬಂದ ಮೇಲೆ ಭಾನುವಾರ ಭಾನುವಾರ ಫೋನ್ ಮಾಡುತ್ತೇನೆ. ಮೊದಲನೆಯ ಸಲ ಅಭ್ಯಾಸಬಲದಿಂದ "ಊಟ ಆಯ್ತೇನಮ್ಮಾ?" ಅಂದೆ. ನಮಗೆ ಅದು ಊಟದ ಪ್ರಶ್ನೆಯೇ ಅಲ್ಲ, ಚೆನ್ನಾಗಿದ್ದೀಯಾ ಎಂದು ಕೇಳುವ ರೀತಿ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಅತ್ತೆ, ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳ್ತೀರಾ?" ಅಂದಳು. ಅವತ್ತಿನಿಂದ ಏನು ಓದ್ತಾ ಇದೀಯ, ಹೊರಗೆ ಹಿಮ ಬಿತ್ತಾ, ಬೆಕ್ಕಿನ ಮರಿ ಹೇಗಿದೆ ಎಂದು ಕೇಳುತ್ತೇನೆ. ಈಗ ಗಂಟೆಗಟ್ಟಲೆ ಮಾತಾಡುತ್ತಾಳೆ.

ನನ್ನ ಮಗಳ ವಿಷಯವೂ ಹೇಳಿಬಿಡುತ್ತೇನೆ. ವಿಮಾನ ನಿಲ್ದಾಣದಲ್ಲಿ ಅವಳ ಬಗ್ಗೆ ನಾನು ಆಡಿದ ಮಾತನ್ನು ಅವಳ ಮುಂದೆ ಒಪ್ಪಿಕೊಂಡು ತಪ್ಪಾಯಿತು ಅಂದೆ. "ನೀನು ದಿನಾ ಅದನ್ನೇ ಅಂತೀಯಲ್ಲಮ್ಮ, ಇವತ್ತೇನು ವಿಶೇಷ?" ಅಂದಳು. ಅವಳು ನಗುತ್ತಾ ಹೇಳಿದಳು, ನನಗೆ ನಗು ಬರಲಿಲ್ಲ. ಅವತ್ತೇ ಸ್ನಾನದ ಮನೆಯಲ್ಲಿದ್ದ ತೂಕದ ಯಂತ್ರವನ್ನು ಎತ್ತಿ ಅಟ್ಟಕ್ಕೆ ಹಾಕಿದೆ. ನಮ್ಮವರು ಯಾಕೆ ಅಂತ ಕೇಳಿದರು. ಕೂರಿಸಿಕೊಂಡು ಎಲ್ಲಾ ಹೇಳಿದೆ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದ ಹಪ್ಪಳ ಸಂಡಿಗೆ ಕೆಡದ ಹಾಗೆ ಇಡುವುದು ಹೇಗೆ ಎಂದು ಬರೆಯುತ್ತೇನೆ. ಅಲ್ಲಿಯವರೆಗೆ ಮನೆಗೆ ಬಂದ ಯಾವ ಮಗುವಿಗೂ ದಪ್ಪ ಆದೆ, ಸಣ್ಣ ಆದೆ ಅನ್ನಬೇಡಿ. ಬಂದೆಯಾ ಕಂದಾ, ಬಾ ಕೂತ್ಕೋ ಅಂದರೆ ಸಾಕು.

ನಿಮ್ಮ ಸೋದರಿ